ಸಿಮ್ಯುಲೇಟರ್‌ ಎಟಿಸಿ ಜೊತೆ ಏಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಫ್ಲೈಟ್ ಸಿಮ್ಯುಲೇಟರ್ ಹಾರಿಸುವವರು ಸಿಕ್ಕಾಗಲೆಲ್ಲ ಮಾತು ಕೊನೆಗೆ ಎಟಿಸಿಗೆ ಬಂದು ನಿಲ್ಲುತ್ತದೆ. ವಿಮಾನ ಚೆನ್ನಾಗಿದೆ, ಮೋಡ ಚೆನ್ನಾಗಿದೆ, ವಿಮಾನಗಳಿಗೆ ರೇಡಿಯೋದಲ್ಲಿ ಅನುಮತಿ, ದಾರಿ ಹೇಳುವ ಈ ಏರ್ ಟ್ರಾಫಿಕ್ ಕಂಟ್ರೋಲ್ ಮಾತ್ರ ಹೀಗೇಕೆ ಅಂತ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಹೆಚ್ಚಿನವು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಮತ್ತು 2024 ಬಳಸುವವರದು. ಎಕ್ಸ್‌-ಪ್ಲೇನ್ 12 ಇರುವವರಿಗೂ ಬಹಳಷ್ಟು ಹೊಂದುತ್ತದೆ.

## ಶುರು ಮಾಡುವವರಿಗೆ

ನಾನು ಈಗಷ್ಟೇ ಶುರು ಮಾಡಿದ್ದೀನಿ. ಎಟಿಸಿ ಆಫ್ ಮಾಡಿ ಸುಮ್ನೆ ಹಾರಿದ್ರೆ ಆಗಲ್ವಾ?

ಖಂಡಿತ ಆಗುತ್ತದೆ. ನಿಜ ಜೀವನದಲ್ಲೂ ಎಟಿಸಿ ಇಲ್ಲದ ಸಣ್ಣ ನಿಲ್ದಾಣಗಳಿಂದ ಚಿಕ್ಕ ವಿಮಾನಗಳು ಹಾರುತ್ತವೆ. ಮೊದಲು ಸೆಸ್ನಾ 172 ತಗೊಂಡು ಹಾರುವುದು, ತಿರುಗುವುದು, ಇಳಿಯುವುದನ್ನು ಕಲಿಯಿರಿ. ಎರಡು ಕೈಯೂ ಯೋಕ್ (ವಿಮಾನದ ಸ್ಟೀರಿಂಗ್) ಮೇಲೆ ಗಟ್ಟಿಯಾಗಿ ಕೂತಿರುವ ಹಂತದಲ್ಲಿ ರೇಡಿಯೋ ಕೇಳಿಸಿದರೂ ತಲೆಗೆ ಹೋಗುವುದಿಲ್ಲ.

ಆದರೆ ದೊಡ್ಡ ವಿಮಾನದಲ್ಲಿ ಐಎಫ್‌ಆರ್ ಹಾರಾಟ (ಉಪಕರಣ ನೋಡಿಕೊಂಡು, ಎಟಿಸಿ ಹೇಳಿದಂತೆ ಹಾರುವುದು) ಶುರು ಮಾಡಿದ ಮೇಲೆ ಎಟಿಸಿ ಬೇಕೇ ಬೇಕು. ಎಷ್ಟು ಹೊತ್ತಿಗೆ ಇಳಿಯಬೇಕು, ಯಾವ ರನ್‌ವೇ, ಮುಂದೆ ಯಾರಿದ್ದಾರೆ, ಇವೆಲ್ಲ ಸೇರಿದರೆ ತಾನೇ ಅದು ಹಾರಾಟ?

ಅದು ಅಷ್ಟು ಬೇಗ ಮಾತಾಡುತ್ತೆ, ಬರ್ಕೊಳೋಕೇ ಆಗಲ್ಲ. ಏನು ಮಾಡೋದು?

ಎಲ್ಲವನ್ನೂ ಬರೆದುಕೊಳ್ಳಲು ಹೋಗಬೇಡಿ. ಏನು ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಕಿವಿ ತಾನಾಗಿ ಹಿಡಿಯುತ್ತದೆ. ಐಎಫ್‌ಆರ್ ಕ್ಲಿಯರೆನ್ಸ್‌ನಲ್ಲಿ, ಅಂದರೆ ಹೊರಡುವ ಮೊದಲು ಎಟಿಸಿ ಕೊಡುವ ಅನುಮತಿಯಲ್ಲಿ, ಐದೇ ವಿಷಯ: ಎಲ್ಲಿಗೆ, ಯಾವ ದಾರಿಯಲ್ಲಿ, ಎಷ್ಟು ಎತ್ತರಕ್ಕೆ, ಮುಂದಿನ ಫ್ರೀಕ್ವೆನ್ಸಿ ಯಾವುದು, ಸ್ಕ್ವಾಕ್ (ರೇಡಾರ್‌ನಲ್ಲಿ ನಿಮ್ಮನ್ನು ಗುರುತಿಸುವ ಕೋಡ್) ಎಷ್ಟು. ಹಾಳೆಯ ಮೇಲೆ ಐದು ಸಾಲು ಮೊದಲೇ ಹಾಕಿಡಿ. ಎಲ್ಲಿಗೆ ಅನ್ನುವುದು ನಿಮಗೇ ಗೊತ್ತು, ದಾರಿ ನೀವೇ ಹಾಕಿದ ಪ್ಲಾನ್. ನಿಜವಾಗಿ ಬರೆಯಬೇಕಾದ್ದು ಎತ್ತರ, ಫ್ರೀಕ್ವೆನ್ಸಿ ಮತ್ತು ನಾಲ್ಕಂಕಿಯ ಸ್ಕ್ವಾಕ್, ಅಷ್ಟೇ.

ಕಿವಿ ಪಳಗಬೇಕಾದರೆ ಲೈವ್‌ಎಟಿಸಿ ಜಾಲತಾಣದಲ್ಲಿ ಅಮೆರಿಕದ ನಿಲ್ದಾಣಗಳ ನಿಜವಾದ ರೇಡಿಯೋ ಕೇಳಿ. ನ್ಯೂಯಾರ್ಕ್‌ನ ಕೆನಡಿ ನಿಲ್ದಾಣದ ವೇಗಕ್ಕೆ ಕಿವಿ ಒಗ್ಗಿದರೆ ಸಿಮ್ಯುಲೇಟರ್‌ನ ದನಿ ನಿಧಾನ ಅನ್ನಿಸುತ್ತದೆ.

ಕ್ಲಿಯರೆನ್ಸ್ ಕೇಳೋ ಆಯ್ಕೆಯೇ ಬರ್ತಿಲ್ಲ. ಎಲ್ಲಿ ತಪ್ಪಿದೆ?

ಬಹುಪಾಲು ಎರಡೇ ಕಾರಣ. ಒಂದು, ನೀವು ನೇರ ರನ್‌ವೇ ಮೇಲೆ ಶುರು ಮಾಡಿದ್ದೀರಿ. ಪಾರ್ಕಿಂಗ್ ಅಥವಾ ಗೇಟ್ ಆರಿಸಿಕೊಂಡು ಶುರು ಮಾಡಿ. ಎರಡು, ಪ್ಲಾನ್ ವಿಎಫ್‌ಆರ್ (ಹೊರಗೆ ಕಣ್ಣಲ್ಲಿ ನೋಡಿಕೊಂಡು ಹಾರುವುದು) ಆಗಿಯೇ ಉಳಿದಿದೆ, ಅಥವಾ ಪ್ಲಾನ್ ಇರುವುದು ವಿಮಾನದ ಕಂಪ್ಯೂಟರ್‌ನಲ್ಲಿ ಮಾತ್ರ. ಎಟಿಸಿ ನೋಡುವುದು ಸಿಮ್ಯುಲೇಟರ್‌ಗೆ ಕೊಟ್ಟ ಪ್ಲಾನನ್ನು. ಬೇರೆಯಾಗಿ ಹಾಕಿಕೊಂಡ ಆ್ಯಡ್‌ಆನ್ ವಿಮಾನದ ಕಂಪ್ಯೂಟರ್ ಆದ ಎಫ್‌ಎಂಎಸ್‌ನಲ್ಲಿ ಬೆರಳು ನೋಯುವಷ್ಟು ಟೈಪ್ ಮಾಡಿದ್ದರೂ ಅದು ಎಟಿಸಿಗೆ ತಲುಪಿರುವುದಿಲ್ಲ. ಹಾರಾಟದ ಪ್ಲಾನ್ ಮಾಡಿಕೊಡುವ ಸಿಮ್‌ಬ್ರೀಫ್ ಜಾಲತಾಣದಲ್ಲಿ ಪ್ಲಾನ್ ಮಾಡಿ, ಅದೇ ಪ್ಲಾನನ್ನು ಎರಡೂ ಕಡೆ ಹಾಕಿ. ಸಿಮ್‌ಬ್ರೀಫ್ ಉಚಿತ.

## ಹಾರಾಟದ ನಡುವಿನ ಕಿರಿಕಿರಿಗಳು

ಸರಿಯಾದ ಎತ್ತರದಲ್ಲೇ ಇದ್ದೀನಿ, ಆದ್ರೂ ಬೇಗ ಏರು, ಬೇಗ ಇಳಿ ಅಂತ ಬೈತಾನೇ ಇರುತ್ತೆ. ಯಾಕೆ?

ಮೊದಲು ಗಾಳಿಯ ಒತ್ತಡದಿಂದ ಎತ್ತರ ತೋರಿಸುವ ಆಲ್ಟಿಮೀಟರ್ ನೋಡಿ. ಹತ್ತರಲ್ಲಿ ಎಂಟು ಸಲ ಉತ್ತರ ಅಲ್ಲೇ ಇರುತ್ತದೆ. ಒತ್ತಡದಲ್ಲಿ ಒಂದು ಹೆಕ್ಟೊಪ್ಯಾಸ್ಕಲ್ ವ್ಯತ್ಯಾಸ ಅಂದರೆ ಕೆಳಮಟ್ಟದಲ್ಲಿ ಸುಮಾರು 28 ಅಡಿ. ಹೊರಗಿನ ಒತ್ತಡ 1003 ಇರುವಾಗ ನಿಮ್ಮ ಗುಂಡಿ 1013ರಲ್ಲೇ ಕೂತಿದ್ದರೆ ನಿಮಗೆ ಕಾಣುವ ಎತ್ತರಕ್ಕೂ ಎಟಿಸಿ ಲೆಕ್ಕಕ್ಕೂ 300 ಅಡಿಯಷ್ಟು ಅಂತರ ಬೀಳುತ್ತದೆ. ನೀವು 6,000 ಅಡಿ ಅಂದುಕೊಂಡಿರುತ್ತೀರಿ, ಅದಕ್ಕೆ ನೀವು 5,700ರಲ್ಲಿ ಕಾಣುತ್ತೀರಿ.

ಕೆಳಗಿರುವಾಗ ಸ್ಥಳೀಯ ಒತ್ತಡ ಹಾಕಿ. ಮೈಕ್ರೋಸಾಫ್ಟ್ ಸಿಮ್‌ನಲ್ಲಿ ಕೀಬೋರ್ಡ್‌ನ ಬಿ ಒತ್ತಿದರೆ ಸಾಕು. ಟ್ರಾನ್ಸಿಷನ್ ಆಲ್ಟಿಟ್ಯೂಡ್ (ಸ್ಥಳೀಯ ಒತ್ತಡ ಬಿಡಬೇಕಾದ ಎತ್ತರ) ದಾಟಿ ಏರಿದ ಮೇಲೆ ಎಲ್ಲರಿಗೂ ಒಂದೇ ಆದ 1013 ಹಾಕಿ. ಏರ್‌ಬಸ್‌ನಲ್ಲಿ ಗುಂಡಿ ಎಳೆದರೆ ಅದು ಸ್ಟ್ಯಾಂಡರ್ಡ್‌ಗೆ ಹೋಗುತ್ತದೆ. ಅಮೆರಿಕದಲ್ಲಿ ಈ ಗಡಿ 18,000 ಅಡಿ. ಬೇರೆ ದೇಶಗಳಲ್ಲಿ ಇದು ಸಾಮಾನ್ಯವಾಗಿ ಇನ್ನೂ ಕೆಳಗೆ, ನಿಲ್ದಾಣದಿಂದ ನಿಲ್ದಾಣಕ್ಕೆ ಬೇರೆ. ಚಾರ್ಟ್‌ನಲ್ಲಿ ಬರೆದಿರುತ್ತದೆ. ಸಿಮ್‌ನ ಒಳಗಿನ ಎಟಿಸಿ ಅಮೆರಿಕದ ಪದ್ಧತಿಯ ಕಡೆಗೇ ವಾಲಿದೆ ಅನ್ನುವುದು ನೆನಪಿರಲಿ. ಈ ಎರಡರ ನಡುವಿನ ಎತ್ತರದಲ್ಲಿ ಅದು ಗೊಣಗಿದರೆ ತಲೆ ಕೆಡಿಸಿಕೊಳ್ಳಬೇಡಿ.

ಆಲ್ಟಿಮೀಟರ್ ಸರಿಯಿದ್ದೂ ಬೈಗುಳ ನಿಲ್ಲದಿದ್ದರೆ, ಹೊಸ ಎತ್ತರಕ್ಕೆ ಹೋಗುವಾಗ ನಿಮಿಷಕ್ಕೆ 300 ಅಡಿಯಂತೆ ತೆವಳುತ್ತಿದ್ದೀರಾ ನೋಡಿ. ಅದಕ್ಕೆ ತಾಳ್ಮೆ ಕಮ್ಮಿ.

ಇಳಿಯೋಕೆ ಅನುಮತಿಯೇ ಕೊಡಲ್ಲ. ಊರು ಬಂದ ಮೇಲೂ 35,000 ಅಡಿಯಲ್ಲೇ ಇರ್ತೀನಿ. ಏನು ಮಾಡ್ಲಿ?

ಅತಿ ಹೆಚ್ಚು ಬರುವ ದೂರು ಇದು. ದೂರಿನಲ್ಲಿ ನ್ಯಾಯವೂ ಇದೆ. ಆದರೆ ಇಳಿಯುವ ಹೊತ್ತನ್ನು ಎಟಿಸಿ ಹೇಳಲಿ ಅಂತ ಕಾಯುತ್ತಾ ಕೂರುವುದೇ ಮೂಲ ಸಮಸ್ಯೆ. ಆ ಲೆಕ್ಕ ಯಾವತ್ತೂ ಪೈಲಟ್‌ನದು.

ಲೆಕ್ಕ ಸುಲಭ. ಪ್ರತಿ 1,000 ಅಡಿ ಇಳಿಯಲು 3 ನಾಟಿಕಲ್ ಮೈಲಿ ಬೇಕು. ಬೆಂಗಳೂರಿಗೆ ಬರುತ್ತಿದ್ದೀರಿ ಅನ್ನಿ. 35,000ದಿಂದ 6,000 ಅಡಿಗೆ ಇಳಿಯಬೇಕು, ಅಂದರೆ 29,000 ಅಡಿ ಕಳೆಯಬೇಕು. 29 ಗುಣಿಸು 3, ಅಂದರೆ 87 ಮೈಲಿ. ವೇಗ ಕಡಿಮೆ ಮಾಡಲು ಇನ್ನೊಂದು 10 ಮೈಲಿ ಸೇರಿಸಿ. ಹತ್ತಿರ ಹತ್ತಿರ 100 ಮೈಲಿ ದೂರ ಇರುವಾಗಲೇ ಮೂಗು ಕೆಳಗಾಗಬೇಕು. ಎಷ್ಟು ವೇಗವಾಗಿ ಇಳಿಯಬೇಕು? ಗ್ರೌಂಡ್ ಸ್ಪೀಡ್ ಅನ್ನು 5ರಿಂದ ಗುಣಿಸಿ. 450 ನಾಟ್ ಇದ್ದರೆ ನಿಮಿಷಕ್ಕೆ 2,250 ಅಡಿ. ಬೆಂಗಳೂರು ನಿಲ್ದಾಣವೇ ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ ಅನ್ನುವುದನ್ನೂ ಮರೆಯಬೇಡಿ. ಚೆನ್ನೈ, ಮುಂಬೈಗೆ ಇಳಿದು ಅಭ್ಯಾಸವಾದವರು ಇಲ್ಲಿ ಎಡವುತ್ತಾರೆ.

ಈಗ ಎಟಿಸಿಗೆ ಬನ್ನಿ. 120 ಮೈಲಿ ಇರುವಾಗಲೇ ಮೆನುವಿನಲ್ಲಿ ಎತ್ತರ ಕಡಿಮೆ ಮಾಡಲು ಕೇಳುವ ಆಯ್ಕೆ ಒತ್ತಿ. ಕೊಟ್ಟರೆ ಒಳ್ಳೆಯದು, ಮತ್ತೆ ಮತ್ತೆ ಕೇಳುತ್ತಾ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿರಿ. ಕೊಡದಿದ್ದರೆ ಐಎಫ್‌ಆರ್ ರದ್ದು ಮಾಡಿ ನಿಮ್ಮ ಲೆಕ್ಕದಂತೆ ಇಳಿದು, ಹತ್ತಿರ ಬಂದ ಮೇಲೆ ರನ್‌ವೇ ನೋಡಿಕೊಳ್ಳುವ ಟವರ್ ಕರೆಯಿರಿ. ಸಿಮ್‌ನಲ್ಲಿ ಇದಕ್ಕೆ ಯಾರೂ ದಂಡ ಹಾಕುವುದಿಲ್ಲ.

ಈಗಾಗಲೇ ತಡವಾಗಿದ್ದರೆ? 60 ಮೈಲಿ ಉಳಿದಿದೆ, ಇನ್ನೂ 35,000ದಲ್ಲಿದ್ದೀರಿ. 60 ಮೈಲಿಯಲ್ಲಿ ಆರಾಮಾಗಿ ಕಳೆಯಬಹುದಾದ್ದು 20,000 ಅಡಿ. 9,000 ಅಡಿ ಜಾಸ್ತಿ ಉಳಿಯಿತು. ಸ್ಪೀಡ್ ಬ್ರೇಕ್ ಎಳೆದರೂ ಅಷ್ಟು ಕಳೆಯುವುದು ಕಷ್ಟ. ಒಂದು ಸುತ್ತು ಹೊಡೆದು ಎತ್ತರ ಕಳೆದುಕೊಳ್ಳಿ. ಅದಕ್ಕೂ ಮನಸ್ಸಿಲ್ಲದೆ ಹಾಗೇ ನುಗ್ಗಬೇಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2010ರ ಮೇ 22ರಂದು ಮಂಗಳೂರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ದುಬೈ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ತೀರಿಕೊಂಡರು, ಬದುಕಿ ಉಳಿದವರು ಎಂಟೇ ಜನ. ಆ ದಿನ ಮಂಗಳೂರಿನ ರೇಡಾರ್ ಕೆಲಸ ಮಾಡುತ್ತಿರಲಿಲ್ಲ. ಇಳಿಯುವ ಅನುಮತಿ ಮಾಮೂಲಿಗಿಂತ ತಡವಾಗಿ ಸಿಕ್ಕಿತ್ತು. ವಿಮಾನ ತುಂಬಾ ಎತ್ತರದಲ್ಲೇ ನಿಲ್ದಾಣದ ಹತ್ತಿರ ಬಂತು. ಸಹ ಪೈಲಟ್ ಮೂರು ಸಲ ಗೋ ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು) ಹೇಳಿದರೂ ಕ್ಯಾಪ್ಟನ್ ಇಳಿಸುವುದನ್ನು ಬಿಡಲಿಲ್ಲ ಎಂದು ತನಿಖಾ ವರದಿ ಹೇಳಿತು. ಎಟಿಸಿ ಎಷ್ಟೇ ತಡ ಮಾಡಲಿ, ಮತ್ತೆ ಮೇಲೇರುವ ತೀರ್ಮಾನ ಪೈಲಟ್‌ ಕೈಯಲ್ಲೇ ಇರುತ್ತದೆ. ಮನೆಯ ಸಿಮ್‌ನಲ್ಲೂ ಆ ಅಭ್ಯಾಸ ಇರಲಿ.

ಬೆಟ್ಟದ ಮೇಲೆ ಹಾರ್ತಿರುವಾಗ 3,000 ಅಡಿಗೆ ಇಳಿ ಅನ್ನುತ್ತೆ! ಅದಕ್ಕೆ ಬೆಟ್ಟ ಕಾಣಲ್ವಾ?

ಕಾಣುವುದಿಲ್ಲ ಅಂತಲೇ ಇಟ್ಟುಕೊಂಡು ಹಾರಿ. ಒಳಗಿನ ಎಟಿಸಿ ವೆಕ್ಟರ್ (ಯಾವ ದಿಕ್ಕಿಗೆ ತಿರುಗಬೇಕೆಂಬ ಸೂಚನೆ) ಕೊಡುವಾಗ ನೆಲದ ಏರಿಳಿತವನ್ನು ಸರಿಯಾಗಿ ಲೆಕ್ಕ ಹಾಕುತ್ತದೆ ಅಂತ ನಂಬಬಾರದು.

ಮಂಗಳೂರನ್ನೇ ತಗೊಳ್ಳಿ. ರನ್‌ವೇ 24ಕ್ಕೆ ಇಳಿಯುವವರು ಈಶಾನ್ಯದ ಕಡೆಯಿಂದ, ಘಟ್ಟದ ಮೇಲಿಂದ ಬರುತ್ತಾರೆ. ಆ ಗೆರೆಯನ್ನು ಹಿಂದಕ್ಕೆ ಎಳೆಯುತ್ತಾ ಹೋದರೆ ಸುಮಾರು 25 ನಾಟಿಕಲ್ ಮೈಲಿ ದೂರದಲ್ಲಿ ಕುದುರೆಮುಖದ ಆಸುಪಾಸಿಗೆ ಬರುತ್ತೀರಿ. ಆ ಶಿಖರದ ಎತ್ತರ 1,894 ಮೀಟರ್, ಅಂದರೆ 6,200 ಅಡಿಗಿಂತ ಜಾಸ್ತಿ. 3 ಡಿಗ್ರಿ ಇಳಿಜಾರಿನಲ್ಲಿ ಬಂದರೆ ಅಷ್ಟು ದೂರದಲ್ಲಿ ನೀವು ಸುಮಾರು 8,000 ಅಡಿಯಲ್ಲಿರಬೇಕು. ಅಲ್ಲಿ ಎಟಿಸಿ 3,000 ಅಂದಿತು ಅಂತ ಇಳಿದರೆ ಮಳೆಗಾಲದ ಮೋಡದೊಳಗೆ ಬೆಟ್ಟ ಸಿಗುತ್ತದೆ.

ಇದಕ್ಕೆ ಔಷಧ ಚಾರ್ಟ್. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ತನ್ನ ಎಐಪಿಯನ್ನು (ನಿಲ್ದಾಣ, ವಾಯುಮಾರ್ಗಗಳ ಅಧಿಕೃತ ಮಾಹಿತಿ ಪುಸ್ತಕ) ಜಾಲತಾಣದಲ್ಲಿ ಉಚಿತವಾಗಿಯೇ ಇಟ್ಟಿದೆ. ನಮ್ಮ ನಿಲ್ದಾಣಗಳ ಅಪ್ರೋಚ್ (ಇಳಿಯಲು ಬರುವ ದಾರಿ) ಚಾರ್ಟ್‌ಗಳು ಅದರಲ್ಲೇ ಸಿಗುತ್ತವೆ. ಚಾರ್ಟ್‌ನಲ್ಲಿ ಒಂದು ವೃತ್ತ, ಅದರ ಭಾಗಗಳಲ್ಲಿ ಎತ್ತರದ ಅಂಕಿಗಳು ಇರುತ್ತವೆ. ಅದು ಆ ದಿಕ್ಕಿನ ಕನಿಷ್ಠ ಸುರಕ್ಷಿತ ಎತ್ತರ. ನೀವು ಬರುವ ದಿಕ್ಕಿನ ಅಂಕಿಯನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದಿಡಿ. ಎಟಿಸಿ ಅದಕ್ಕಿಂತ ಕೆಳಗೆ ಕರೆದರೆ ಹೋಗಬೇಡಿ. ವೆಕ್ಟರ್ ಬಿಟ್ಟು ಪೂರ್ತಿ ಅಪ್ರೋಚ್ ಹಾರಲು ಮೆನುವಿನಲ್ಲಿ ಬೇರೆ ಅಪ್ರೋಚ್ ಆರಿಸುವುದೂ ಒಳ್ಳೆಯ ದಾರಿ.

ಟ್ಯಾಕ್ಸಿ ದಾರಿ ಹುಲ್ಲಿನ ಮೇಲೆ ಹೋಗುತ್ತೆ, ಇಲ್ಲದ ರನ್‌ವೇ ಕೊಡುತ್ತೆ. ಇದೂ ಎಟಿಸಿ ತಪ್ಪಾ?

ಅಲ್ಲ, ಇದು ನಿಲ್ದಾಣದ ಡೇಟಾ ತಪ್ಪು. ಎಟಿಸಿ ಮಾತಾಡುವುದು ಸಿಮ್‌ನೊಳಗಿನ ನಿಲ್ದಾಣದ ಫೈಲ್ ಓದಿಕೊಂಡು. ಬೆಂಗಳೂರಿನ ಈಗಿನ ನಿಲ್ದಾಣ ಶುರುವಾದದ್ದು 2008ರ ಮೇನಲ್ಲಿ, ಎರಡನೇ ರನ್‌ವೇ ಬಂದದ್ದು 2019ರ ಡಿಸೆಂಬರ್‌ನಲ್ಲಿ. 2006ರ ಎಫ್‌ಎಸ್‌ಎಕ್ಸ್ (ಮೈಕ್ರೋಸಾಫ್ಟ್‌ನ ಹಳೆಯ ಸಿಮ್) ಇನ್ನೂ ಬಳಸುವವರಿಗೆ ಹೊರಗಿನ ಸೀನರಿ (ನಿಲ್ದಾಣದ ಹೊಸ ಫೈಲ್) ಹಾಕದೆ ದೇವನಹಳ್ಳಿ ಹೇಗೆ ಸಿಗಬೇಕು?

ಒಂದೇ ನಿಲ್ದಾಣಕ್ಕೆ ಎರಡು ಸೀನರಿ ಹಾಕಿದ್ದರೂ ಹೀಗಾಗುತ್ತದೆ. ಒಂದನ್ನು ತೆಗೆದುಬಿಡಿ. ರನ್‌ವೇ ಸಂಖ್ಯೆ, ದಾರಿಬಿಂದುಗಳ ಡೇಟಾ 28 ದಿನಕ್ಕೊಮ್ಮೆ ಹೊಸದಾಗುತ್ತದೆ. ಸಿಮ್, ಸಿಮ್‌ಬ್ರೀಫ್ ಮತ್ತು ವಿಮಾನ ಮೂರರಲ್ಲೂ ಒಂದೇ ಸೈಕಲ್ (ಅದೇ 28 ದಿನದ ಡೇಟಾ) ಇದ್ದರೆ ಅರ್ಧ ಜಗಳ ಕಮ್ಮಿ. ಈ ಡೇಟಾ ಮಾರುವ ನ್ಯಾವಿಗ್ರಾಫ್‌ಗೆ ದುಡ್ಡು ಕೊಡುವುದು ಈ ಒಂದು ಕಾರಣಕ್ಕಾದರೂ ಸಾರ್ಥಕ ಅನ್ನುವುದು ನನ್ನ ಅಭಿಪ್ರಾಯ.

ಇಂಡಿಗೋ ವಿಮಾನ ಹಾರಿಸ್ತಿದ್ರೂ ನನ್ನನ್ನ ಬರೀ ಅಕ್ಷರ, ಅಂಕಿಯಲ್ಲೇ ಕರೆಯುತ್ತೆ.

ವಿಮಾನ ಆರಿಸುವ ಪುಟದಲ್ಲಿ ಕಾಲ್‌ಸೈನ್ (ರೇಡಿಯೋದಲ್ಲಿ ಕರೆಯುವ ಹೆಸರು) ಮತ್ತು ಫ್ಲೈಟ್ ನಂಬರ್ ಎರಡನ್ನೂ ತುಂಬಿ. ಇಂಡಿಗೋ ರೇಡಿಯೋದಲ್ಲಿ ಇಂಡಿಗೋ ಅಲ್ಲ, ಐಫ್ಲೈ. ಏರ್ ಇಂಡಿಯಾ ಎಕ್ಸ್‌ಪ್ರೆಸ್ ಅನ್ನುವುದು ಎಕ್ಸ್‌ಪ್ರೆಸ್ ಇಂಡಿಯಾ ಆಗುತ್ತದೆ. ಸಿಮ್‌ಗೆ ಆ ಹೆಸರು ಗೊತ್ತಿಲ್ಲದಿದ್ದರೆ ಬಾಲದ ನಂಬರನ್ನೇ ಓದುತ್ತದೆ.

ಭಾರತದಲ್ಲಿ ಹಾರುವಾಗ್ಲೂ ಅಮೆರಿಕದ ದನಿ. ನಮ್ಮ ದನಿ ಹಾಕೋಕಾಗುತ್ತಾ?

ವಿಂಡೋಸ್‌ನ ಭಾಷೆ ಸೆಟ್ಟಿಂಗ್‌ನಲ್ಲಿ ಭಾರತದ ಇಂಗ್ಲಿಷ್ ಧ್ವನಿ ಸೇರಿಸಿ. ಹೀರಾ ಮತ್ತು ರವಿ ಎಂಬ ಎರಡು ದನಿಗಳು ಬರುತ್ತವೆ. ಪೈಲಟ್‌2ಎಟಿಸಿಯಂಥ, ಎಟಿಸಿಯ ಕೆಲಸ ಮಾಡುವ ತಂತ್ರಾಂಶಗಳು ವಿಂಡೋಸ್‌ನ ದನಿಗಳನ್ನೇ ಬಳಸುತ್ತವೆ. ಬೆಂಗಳೂರು ಟವರ್‌ಗೆ ರವಿ, ಹತ್ತಿರ ಬರುವ ವಿಮಾನಗಳನ್ನು ನೋಡಿಕೊಳ್ಳುವ ಅಪ್ರೋಚ್‌ಗೆ ಹೀರಾ ಕೂತರೆ ಕಿವಿಗೆ ಊರಿಗೆ ಬಂದಂತೆ ಆಗುತ್ತದೆ.

ಬೇರೆ ವಿಮಾನಗಳು ಲ್ಯಾಂಡ್ ಆಗೋಕೆ ಬಂದು ಪದೇ ಪದೇ ಗೋ ಅರೌಂಡ್ ಮಾಡ್ತವೆ. ತಪ್ಪಿಸೋದು ಹೇಗೆ?

ಒಳಗಿನ ಎಟಿಸಿಗೆ ವಿಮಾನಗಳ ನಡುವೆ ಅಂತರ ಇಡಲು ಸರಿಯಾಗಿ ಬರುವುದಿಲ್ಲ. ನಿಜ ಸಮಯದ ಟ್ರಾಫಿಕ್ ತೋರಿಸುವ ಉಚಿತ ಎಫ್‌ಎಸ್‌ಎಲ್‌ಟಿಎಲ್, ವೇಳಾಪಟ್ಟಿಯಂತೆ ಹಾರಿಸುವ ಉಚಿತ ಎಐಜಿ ಎರಡೂ ಚೆನ್ನಾಗಿವೆ. ಆದರೆ ಎಣಿಕೆಯನ್ನು ಕಮ್ಮಿ ಇಡಿ. ಟ್ರಾಫಿಕ್ಕನ್ನೂ ಎಟಿಸಿಯನ್ನೂ ಒಂದೇ ತಂತ್ರಾಂಶ ನಡೆಸಬೇಕು ಅಂದರೆ ಎಫ್‌ಎಸ್‌ಹಡ್ ನೋಡಿ. ಅದು ಬೇರೆ ವಿಮಾನಗಳನ್ನೂ ಸಾಲಾಗಿ ನಿಲ್ಲಿಸುತ್ತದೆ.

## ಒಳಗಿನ ಎಟಿಸಿಯನ್ನು ಬಿಟ್ಟು ಮುಂದೆ

ಬಿಯಾಂಡ್‌ಎಟಿಸಿ, ಸೇಇಂಟೆನ್ಷನ್ಸ್ ಅಂತೆಲ್ಲ ಕೇಳ್ತೀನಿ. ಯಾವುದು ತಗೊಳ್ಲಿ?

ಎರಡೂ ನಿಮ್ಮ ಮಾತನ್ನು ಮೈಕ್‌ನಲ್ಲಿ ಕೇಳಿಸಿಕೊಂಡು ಉತ್ತರ ಕೊಡುವಂಥವು. ಬಿಯಾಂಡ್‌ಎಟಿಸಿಯನ್ನು ಒಮ್ಮೆ ಕೊಂಡರೆ ಸಾದಾ ದನಿಗಳಲ್ಲಿ ಬಳಸಬಹುದು, ಉತ್ತಮ ದನಿಗಳು ಬೇಕಾದರೆ ಮೇಲೆ ಖರ್ಚು. ದೊಡ್ಡ ವಿಮಾನದಲ್ಲಿ ಐಎಫ್‌ಆರ್ ಹಾರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಸೇಇಂಟೆನ್ಷನ್ಸ್ ತಿಂಗಳ ಚಂದಾದಲ್ಲಿ ನಡೆಯುತ್ತದೆ, ಎಕ್ಸ್‌-ಪ್ಲೇನ್‌ನಲ್ಲೂ ಓಡುತ್ತದೆ. ಸಣ್ಣ ವಿಮಾನದಲ್ಲಿ ವಿಎಫ್‌ಆರ್ ಸುತ್ತುವವರು, ಎಟಿಸಿ ಜೊತೆ ಸಹಜವಾಗಿ ಮಾತಾಡಬೇಕು ಅನ್ನುವವರು ಅದನ್ನು ನೋಡಬಹುದು.

ತಿಂಗಳಿಗೆ ಎರಡೇ ಸಲ ಹಾರುವವರು ಚಂದಾ ಕಟ್ಟಬೇಡಿ. ಮೇಲೆ ಹೇಳಿದ ಆಲ್ಟಿಮೀಟರ್, ಇಳಿಯುವ ಲೆಕ್ಕ, ಚಾರ್ಟ್ ಇಷ್ಟನ್ನು ರೂಢಿ ಮಾಡಿಕೊಂಡರೆ ಒಳಗಿನ ಎಟಿಸಿಯೇ ಸಾಕಾಗುತ್ತದೆ.

ನನ್ನ ಉಚ್ಚಾರಣೆ ಅದಕ್ಕೆ ಅರ್ಥ ಆಗುತ್ತಾ?

ಆಗುತ್ತದೆ. ಹೊಸ ತಂತ್ರಾಂಶಗಳು ನಮ್ಮ ಇಂಗ್ಲಿಷನ್ನು ಚೆನ್ನಾಗಿಯೇ ಹಿಡಿಯುತ್ತವೆ. ತೊಂದರೆ ಬರುವುದು ಹೆಚ್ಚಾಗಿ ಅಂಕಿಗಳಲ್ಲಿ. ಒಂದೊಂದೇ ಅಂಕಿ ಬಿಡಿಸಿ ಹೇಳಿ: ಹೆಡಿಂಗ್ ಟೂ ಸೆವೆನ್ ಝೀರೋ. ಒಂಬತ್ತನ್ನು ನೈನರ್ ಅನ್ನಿ. ಗುಂಡಿ ಒತ್ತಿ ಅರೆಕ್ಷಣ ಬಿಟ್ಟು ಮಾತು ಶುರು ಮಾಡಿ, ಇಲ್ಲದಿದ್ದರೆ ಮೊದಲ ಶಬ್ದ ತುಂಡಾಗುತ್ತದೆ. ಫ್ಯಾನ್ ಗಾಳಿ ಮೈಕ್‌ಗೆ ಹೊಡೆಯದಂತೆ ನೋಡಿಕೊಳ್ಳಿ.

ವ್ಯಾಟ್‌ಸಿಮ್‌ನಲ್ಲಿ ನಿಜವಾದ ಮನುಷ್ಯರು ಇರ್ತಾರಂತೆ. ತಪ್ಪು ಮಾಡಿದ್ರೆ ಬೈತಾರಾ?

ಬೈಯುವುದಿಲ್ಲ. ವ್ಯಾಟ್‌ಸಿಮ್ 2001ರಿಂದ ಇರುವ ಉಚಿತ ಜಾಲ. ಎಟಿಸಿ ಮಾಡುವವರೂ ನಮ್ಮಂತೆ ಹವ್ಯಾಸಿಗಳು, ತರಬೇತಿ ಪಡೆದವರು. 13 ವರ್ಷ ಆಗಿರಬೇಕು, ಸೇರುವಾಗ ಚಿಕ್ಕ ಪರೀಕ್ಷೆ ಇರುತ್ತದೆ. ಜಾಲಕ್ಕೆ ಸೇರಿಕೊಳ್ಳಲು ಮೈಕ್ರೋಸಾಫ್ಟ್ ಸಿಮ್‌ಗೆ ವಿಪೈಲಟ್, ಎಕ್ಸ್‌-ಪ್ಲೇನ್‌ಗೆ ಎಕ್ಸ್‌ಪೈಲಟ್ ತಂತ್ರಾಂಶ ಹಾಕಿಕೊಳ್ಳಬೇಕು.

ಮೊದಲ ದಿನ ಹಾರಬೇಡಿ, ಸುಮ್ನೆ ಕೇಳಿ. ಎರಡನೇ ದಿನ ದಟ್ಟಣೆ ಇಲ್ಲದ ನಿಲ್ದಾಣದ ಗೇಟ್‌ನಲ್ಲಿ ಕೂತು ಕರೆಯಿರಿ. ಮಾತು ಹೀಗಿರುತ್ತದೆ (ಡೆಲಿವರಿ ಅಂದರೆ ಕ್ಲಿಯರೆನ್ಸ್ ಕೊಡುವವರು):

ಬೆಂಗಳೂರು ಡೆಲಿವರಿ, ಐಫ್ಲೈ ಟೂ ತ್ರೀ ಫೋರ್, ಸ್ಟ್ಯಾಂಡ್ ಫೋರ್ ಝೀರೋ, ರಿಕ್ವೆಸ್ಟ್ ಐಎಫ್‌ಆರ್ ಕ್ಲಿಯರೆನ್ಸ್ ಟು ಮುಂಬೈ.

ಅವರು ಹೇಳಿದ್ದನ್ನು ತಿರುಗಿ ಓದಿ ಹೇಳಿ. ಅರ್ಥವಾಗದಿದ್ದರೆ ಸೇ ಅಗೇನ್ ಅನ್ನಿ. ಮಾಡಲು ಆಗದಿದ್ದರೆ ಅನೇಬಲ್ ಅನ್ನಿ. ಈ ಎರಡು ಪದ ಗೊತ್ತಿದ್ದವರಿಗೆ ಭಯ ಬೇಡ. ಮಾತು ಕಷ್ಟವಾದರೆ ಟೈಪ್ ಮಾಡಿಯೂ ಉತ್ತರಿಸಬಹುದು.

ಕೆಲವು ಕಟ್ಟುನಿಟ್ಟುಗಳಿವೆ. ಸ್ಕ್ವಾಕ್ 7500, ಅಂದರೆ ಅಪಹರಣದ ಕೋಡ್, ಪೂರ್ತಿ ನಿಷಿದ್ಧ. ವಿಮಾನವನ್ನು ಹಾರಲು ಬಿಟ್ಟು 30 ನಿಮಿಷಕ್ಕಿಂತ ಹೆಚ್ಚು ಎದ್ದು ಹೋಗುವಂತಿಲ್ಲ. ಎಟಿಸಿ ಇಲ್ಲದ ಕಡೆ ಸಾಮಾನ್ಯವಾಗಿ 122.800 ಫ್ರೀಕ್ವೆನ್ಸಿಯಲ್ಲಿ ನಿಮ್ಮ ಉದ್ದೇಶ ಹೇಳಿಕೊಂಡು ಹಾರಬೇಕು.

ಭಾರತದ ಮೇಲೆ ಯಾವಾಗ್ಲೂ ಎಟಿಸಿ ಇರುತ್ತಾ?

ಇಲ್ಲ. ಎಲ್ಲರೂ ಕೆಲಸ, ಓದು ಮುಗಿಸಿ ಬರುವವರು, ಹಾಗಾಗಿ ಸಂಜೆ, ವಾರಾಂತ್ಯ ಮತ್ತು ಈವೆಂಟ್‌ಗಳಲ್ಲಿ ಜಾಸ್ತಿ. ಒಂದು ವಿಷಯ ತಿಳಿದಿರಲಿ: ಅಪ್ರೋಚ್ ಮಾತ್ರ ಆನ್‌ಲೈನ್ ಇದ್ದರೂ ಕೆಳಗಿನ ಟವರ್, ಗ್ರೌಂಡ್ (ನೆಲದ ಮೇಲಿನ ಓಡಾಟ) ಕೆಲಸವನ್ನೂ ಸಾಮಾನ್ಯವಾಗಿ ಅವರೇ ನೋಡಿಕೊಳ್ಳುತ್ತಾರೆ. ಟವರ್ ಇಲ್ಲ ಅಂತ ಹಿಂದೆ ಸರಿಯಬೇಡಿ.

ಕ್ಯಾಲಿಫೋರ್ನಿಯಾ ಕಡೆ ಇರುವ ಕನ್ನಡಿಗರಿಗೆ ಪೈಲಟ್‌ಎಡ್ಜ್ ಎಂಬ ಇನ್ನೊಂದು ಜಾಲವೂ ಇದೆ. ಹಣ ಕೊಡಬೇಕು, ಅಮೆರಿಕದ ಪಶ್ಚಿಮ ಭಾಗಕ್ಕೆ ಸೀಮಿತ. ಆದರೆ ಹೇಳಿದ ಹೊತ್ತಿನಲ್ಲಿ ಎಟಿಸಿ ಇದ್ದೇ ಇರುತ್ತದೆ. ಅಲ್ಲೇ ನಿಜವಾದ ವಿಮಾನ ಕಲಿಯುತ್ತಿರುವವರಿಗೆ ಬಹಳ ಉಪಯೋಗ.

ನಾನೇ ಕಂಟ್ರೋಲರ್ ಆಗಬಹುದಾ?

ಆಗಬಹುದು. ವ್ಯಾಟ್‌ಸಿಮ್‌ನಲ್ಲಿ ಎಸ್‌1ರಿಂದ ಶುರು, ಅದು ಡೆಲಿವರಿ ಮತ್ತು ಗ್ರೌಂಡ್. ಎಸ್‌2 ಟವರ್, ಎಸ್‌3 ಅಪ್ರೋಚ್, ಸಿ1 ದೊಡ್ಡ ಪ್ರದೇಶದ ಕಂಟ್ರೋಲ್. ಪ್ರತಿ ಹಂತಕ್ಕೂ ಓದು, ತರಬೇತಿ, ಪರೀಕ್ಷೆ. ಕೆಲವೇ ಸಂಜೆ ಗ್ರೌಂಡ್‌ನಲ್ಲಿ ಕೂತರೂ ಸಾಕು, ಪೈಲಟ್ ಆಗಿ ನಿಮ್ಮ ರೇಡಿಯೋ ಪೂರ್ತಿ ಬದಲಾಗುತ್ತದೆ. ಉದ್ದುದ್ದ ಮಾತಾಡುವ ಪೈಲಟ್ ಎಷ್ಟು ಜನರನ್ನು ಕಾಯಿಸುತ್ತಾನೆ ಅಂತ ಆ ಕಡೆ ಕೂತಾಗಲೇ ಗೊತ್ತಾಗುವುದು.

ಮಗಳು ಪೈಲಟ್ ಆಗಬೇಕು ಅಂತಿದ್ದಾಳೆ. ಈ ಅಭ್ಯಾಸ ನಿಜವಾಗ್ಲೂ ಉಪಯೋಗಕ್ಕೆ ಬರುತ್ತಾ?

ರೇಡಿಯೋ ವಿಷಯದಲ್ಲಿ ಖಂಡಿತ ಬರುತ್ತದೆ. ಭಾರತದಲ್ಲಿ ಪೈಲಟ್ ಆಗುವವರು ಆರ್‌ಟಿಆರ್ ಎಂಬ ರೇಡಿಯೋ ಪರೀಕ್ಷೆ ಪಾಸು ಮಾಡಬೇಕು. ಅದರಲ್ಲಿ ಬಾಯಲ್ಲಿ ಮಾತಾಡಿ ತೋರಿಸುವ ಭಾಗವೂ ಇದೆ. ಎಷ್ಟೋ ಜನ ತಡವರಿಸುವುದು ಅಲ್ಲೇ. ಆದರೆ ಒಳಗಿನ ಎಟಿಸಿಯ ಮೆನು ಒತ್ತಿ ಕಲಿತದ್ದು ಅಲ್ಲಿಗೆ ಸಾಲದು, ಬಾಯಿ ತೆರೆದು ಮಾತಾಡಿ ಕಲಿಯಬೇಕು. ಭಾರತ ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆಯಾದ ಐಕಾವೊದ ಪದ್ಧತಿ ಪಾಲಿಸುತ್ತದೆ. ಹಾಗಾಗಿ ಅವಳು ಪಾಯಿಂಟ್ ಅನ್ನದೆ ಡೆಸಿಮಲ್ ಅನ್ನಲಿ, ಸ್ಥಳೀಯ ಒತ್ತಡ ಹೇಳುವಾಗ ಆಲ್ಟಿಮೀಟರ್ ಅನ್ನದೆ ಕ್ಯೂಎನ್‌ಎಚ್ ಅನ್ನಲಿ. ಸಿಮ್‌ನ ಅಮೆರಿಕನ್ ದನಿಯಿಂದ ಅಂಟಿಕೊಂಡ ಅಭ್ಯಾಸಗಳನ್ನು ಫ್ಲೈಯಿಂಗ್ ಸ್ಕೂಲ್ ಸೇರುವ ಮೊದಲೇ ಬಿಡಿಸಿ.